ಒಮಾನಿನ ಮರಳುಗಾಡಿನ ಕರಾವಳಿಯಲ್ಲಿ ಸ್ಪೋರ್ಟ್ಸ್ ಕಾರು: ಕಲಬುರಗಿ ಕಡೆಯಿಂದ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

"ಮಸ್ಕತ್‌ನಾಗ ನಮ್ಮ ಮಾಮಾ ಅದಾರ್ರಿ. ಅಲ್ಲಿ ಮಸ್ತಾಂಗ್ ಬಾಡಿಗಿಗಿ ಸಿಗ್ತದಂತ. ಸಮುದ್ರದ ದಂಡಿ ಹಿಡ್ಕೊಂಡು ಓಡಿಸ್ಬೇಕಂತ ಆಸೆ. ನಮ್ ಲೈಸೆನ್ಸ್ ನಡೀತದೇನ್ರಿ? ಎಷ್ಟ್ ದಿನ ಬೇಕ್ರಿ?"

ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಗಲ್ಫ್‌ನಲ್ಲಿ ದುಡಿಯುವ ಒಬ್ಬರಾದರೂ ಇರುವ ಮನೆಗಳು ಬೇಕಾದಷ್ಟಿವೆ. ಹಾಗಾಗಿ ಈ ಪ್ರಶ್ನೆ ಊರು ಬದಲಿಸಿ, ಕಾರಿನ ಹೆಸರು ಬದಲಿಸಿ ಮತ್ತೆ ಮತ್ತೆ ಬರುತ್ತದೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುವ ದಾರಿ ಹೀಗಿದೆ: ಮಸ್ಕತ್‌ನಿಂದ ಕುರಿಯಾತ್, ಅಲ್ಲಿಂದ ಸೂರ್, ರಾಸ್ ಅಲ್ ಹದ್, ಅಲ್ ಅಶ್ಖರಾ. ವಾಪಸು ಒಳನಾಡಿನ ಹೆದ್ದಾರಿಯಲ್ಲಿ ಬಿದಿಯಾ, ಇಬ್ರಾ ಮೇಲಿಂದ ಮಸ್ಕತ್. ಒಟ್ಟು ಸುಮಾರು 700 ಕಿ.ಮೀ. ಒಂದು ಬದಿಗೆ ಪೂರ್ವ ಹಜರ್ ಬೆಟ್ಟಗಳ ಬೋಳು ಬಂಡೆ, ಇನ್ನೊಂದು ಬದಿಗೆ ಸಮುದ್ರ, ಕೊನೆಗೆ ಮರಳ ದಿಬ್ಬಗಳು. ಗಲ್ಫ್‌ನಲ್ಲಿ ಸ್ಪೋರ್ಟ್ಸ್ ಕಾರಿಗೆ ಇದಕ್ಕಿಂತ ಚಂದದ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ದುಬೈನ ಹನ್ನೆರಡು ಸಾಲಿನ ರಸ್ತೆಯಲ್ಲಿ ಅದೇ ಕಾರು ಓಡಿಸಿದರೆ ಸಿಗ್ನಲ್‌ಗಳ ನಡುವೆ ಶಬ್ದ ಮಾಡಿದಷ್ಟೇ ಲಾಭ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರವಾಸ ಕೆಡುವುದು ವೇಗದಿಂದಲ್ಲ, ಡಾಂಬರು ಬಿಟ್ಟು ಇಳಿಯುವುದರಿಂದ. ದಾರಿಯುದ್ದಕ್ಕೂ ಸಮುದ್ರದ ಕಡೆಗೆ, ದಿಬ್ಬದ ಕಡೆಗೆ ಮಣ್ಣಿನ ಜಾಡುಗಳು ಕವಲೊಡೆಯುತ್ತವೆ. ಮುಂದೆ ಫೋರ್ ವೀಲ್ ಡ್ರೈವ್ ಗಾಡಿಯೊಂದು ಇಳಿದು ಹೋಗಿರುತ್ತದೆ, ನಮಗೂ ಹೋಗಬೇಕು ಅನಿಸುತ್ತದೆ. ಅದನ್ನು ತಡೆದುಕೊಂಡರೆ ಮುಕ್ಕಾಲು ಪಾಲು ತೊಂದರೆ ಬರುವುದೇ ಇಲ್ಲ.

ಹಂತ 1: ತಿಂಗಳು ಆರಿಸಿ

ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಹೋಗಿ. ಡಿಸೆಂಬರ್, ಜನವರಿಯಲ್ಲಿ ಹಗಲು 25 ಡಿಗ್ರಿ ಆಸುಪಾಸು, ರಾತ್ರಿ ಹಿತವಾದ ತಂಪು.

"ನಮಗೇನ್ರೀ, ಮೇ ತಿಂಗಳ ಕಲಬುರಗಿ ಬಿಸಿಲು ನೋಡಿದವ್ರು" ಎನ್ನುವವರಿಗೆ ಒಂದು ಎಚ್ಚರಿಕೆ. ನಮ್ಮದು ಒಣ ಬಿಸಿಲು, ಬೆವರು ಬಂದಂತೆ ಆರಿ ಮೈ ತಂಪಾಗುತ್ತದೆ. ಒಮಾನಿನ ಕರಾವಳಿಯ ಬೇಸಿಗೆಯಲ್ಲಿ ಸಮುದ್ರದ ತೇವ ಸೇರಿಕೊಂಡಿರುವುದರಿಂದ ಬೆವರು ಆರುವುದಿಲ್ಲ. ಅಲ್ಲಿನ 40 ಡಿಗ್ರಿ ನಮ್ಮ 43ಕ್ಕಿಂತ ಬೇಗ ಸುಸ್ತು ಮಾಡುತ್ತದೆ. ಕಾರಿಗೂ ಅದೇ ಕಥೆ: ಟೈರು, ಎಂಜಿನ್, ಎಸಿ ಮೂರರ ಮೇಲೂ ಹೊರೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯನ್ನು ಮರೆತುಬಿಡಿ.

ವಾರದ ದಿನವೂ ಮುಖ್ಯ. ಅಲ್ಲಿ ವಾರಾಂತ್ಯವೆಂದರೆ ಶುಕ್ರವಾರ ಮತ್ತು ಶನಿವಾರ. ಆ ಎರಡು ದಿನ ಮಸ್ಕತ್‌ನ ಕುಟುಂಬಗಳೆಲ್ಲ ಇದೇ ಕರಾವಳಿಗೆ ಬರುತ್ತವೆ. ಭಾನುವಾರ ಹೊರಟು ಬುಧವಾರದೊಳಗೆ ಮರಳಿದರೆ ರಸ್ತೆ ನಿಮ್ಮದೇ. ರಂಜಾನ್ ತಿಂಗಳಲ್ಲಿ ಹೋಗುವುದಾದರೆ ಹಗಲು ಹೊತ್ತು ಬಯಲಲ್ಲಿ ತಿನ್ನುವುದು, ಕುಡಿಯುವುದು ಮಾಡಬಾರದು. ಹೋಟೆಲುಗಳೂ ಬಹುಪಾಲು ಸಂಜೆಯೇ ತೆರೆಯುತ್ತವೆ.

ಹಂತ 2: ಕಾಗದಪತ್ರ

ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಬೇಕು. ವೀಸಾವನ್ನು ರಾಯಲ್ ಒಮಾನ್ ಪೊಲೀಸರ ಅಧಿಕೃತ ಇ-ವೀಸಾ ತಾಣದಲ್ಲೇ ಅರ್ಜಿ ಹಾಕಿ ಪಡೆಯಬಹುದು.

ಎಲ್ಲರೂ ಎಡವುವುದು ಲೈಸೆನ್ಸ್ ವಿಷಯದಲ್ಲಿ. ನಿಮ್ಮ ಡಿಎಲ್ ಜೊತೆಗೆ ಐಡಿಪಿ ಮಾಡಿಸಿಕೊಳ್ಳಿ. ಐಡಿಪಿ ಎಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ನಿಮ್ಮ ಡಿಎಲ್‌ನಲ್ಲಿರುವುದನ್ನು ಬೇರೆ ದೇಶದವರು ಓದಿ ಒಪ್ಪುವಂತೆ ಹಲವು ಭಾಷೆಗಳಲ್ಲಿ ಮುದ್ರಿಸಿದ ಚಿಕ್ಕ ಪುಸ್ತಕ ಅದು. ಸಾರಿಗೆ ಇಲಾಖೆಯ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನಿಮ್ಮ ಆರ್‌ಟಿಒ ಕಚೇರಿಯಿಂದ ಪಡೆಯಬೇಕು. ಕೆಎ-32 ಕಲಬುರಗಿ, ಕೆಎ-33 ಯಾದಗಿರಿ, ಕೆಎ-38 ಬೀದರ್. ಶುಲ್ಕ 1000 ರೂಪಾಯಿ, ಅವಧಿ ಒಂದು ವರ್ಷ. ಅದಕ್ಕಾಗಿ ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ, ದಲ್ಲಾಳಿಗೆ ದುಡ್ಡು ಕೊಡುವ ಅಗತ್ಯ ಮೊದಲೇ ಇಲ್ಲ. ಅಂತರ್ಜಾಲದಲ್ಲಿ "ಮನೆಗೇ ಕಳಿಸುತ್ತೇವೆ" ಎಂದು ಮಾರುವ ಖಾಸಗಿ ಐಡಿಪಿಗಳಿಗೆ ಬೆಲೆಯಿಲ್ಲ. ಭಾರತೀಯ ಡಿಎಲ್‌ಗೆ ಐಡಿಪಿ ಕೊಡುವುದು ನಮ್ಮ ಸರ್ಕಾರದ ಸಾರಿಗೆ ಕಚೇರಿ. ಐಡಿಪಿ ಒಂದನ್ನೇ ಒಯ್ದರೂ ನಡೆಯದು, ಮೂಲ ಡಿಎಲ್ ಜೊತೆಗಿರಲೇಬೇಕು.

ಇನ್ನೊಂದು, ನಮ್ಮ ಭಾಗದವರಿಗೆ ವಿಶೇಷವಾಗಿ ಕಾಡುವ ತೊಡಕು: ಹೆಸರು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಸೇರಿದ ಪೂರ್ತಿ ಹೆಸರು, ಡಿಎಲ್‌ನಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಕ್ರೆಡಿಟ್ ಕಾರ್ಡಿನಲ್ಲಿ ಮತ್ತೊಂದು ಬಗೆ. ಕಾರು ಬಾಡಿಗೆ ಕೊಡುವವನು ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾನೆ. ಹೊಂದಾಣಿಕೆ ಇಲ್ಲದಿದ್ದರೆ ಹೊರಡುವ ಎರಡು ತಿಂಗಳ ಮುಂಚೆಯೇ ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಗುಲ್ಬರ್ಗಾ, ಡಿಎಲ್‌ನಲ್ಲಿ ಕಲಬುರಗಿ ಎಂದಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೋಡುವುದು ನಿಮ್ಮ ಹೆಸರನ್ನು, ಊರಿನದನ್ನಲ್ಲ.

ವಿಮಾನಕ್ಕೆ ಹೈದರಾಬಾದ್ ಹತ್ತಿರ. ಅಲ್ಲಿಂದ ಮಸ್ಕತ್‌ಗೆ ನೇರ ವಿಮಾನವಿದೆ, ಸುಮಾರು ಮೂರು ತಾಸಿನ ಹಾರಾಟ. ಬೀದರ್‌ನವರಿಗೆ ಅಲ್ಲಿನ ವಿಮಾನ ನಿಲ್ದಾಣವಿರುವ ಶಮ್‌ಶಾಬಾದ್ ತಲುಪುವುದು ಸುಲಭ. ಕಲಬುರಗಿ, ಯಾದಗಿರಿಯವರು ರಸ್ತೆಗೆ ಐದು ತಾಸು ಎಂದು ಇಟ್ಟುಕೊಳ್ಳಿ. ಒಮಾನಿನ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ.

ಹಂತ 3: ಕಾರು ಮತ್ತು ಕರಾರು

ಮೊದಲ ಸಲ ಎಡ ಸ್ಟೀರಿಂಗ್ ಹಿಡಿಯುವವರು ಆಟೊಮ್ಯಾಟಿಕ್ ಗೇರಿನದನ್ನೇ ತೆಗೆದುಕೊಳ್ಳಿ. ಮಸ್ತಾಂಗ್‌ನಂಥ ಎರಡು ಬಾಗಿಲಿನ ಕಾರಿನಲ್ಲಿ ಹಿಂದಿನ ಸೀಟು ಹೆಸರಿಗಷ್ಟೇ. ಇಬ್ಬರು, ಎರಡು ಮೆತ್ತನೆಯ ಚೀಲ, ಅಷ್ಟೇ ಎಂದು ತಿಳಿಯಿರಿ. ದೊಡ್ಡ ಗಟ್ಟಿ ಸೂಟ್‌ಕೇಸ್ ಡಿಕ್ಕಿಯೊಳಗೆ ಹೋಗುವುದು ಕಷ್ಟ, ಅದು ಮಾಮಾನ ಮನೆಯಲ್ಲೇ ಇರಲಿ. ಛಾವಣಿ ಮಡಚುವ ಕನ್ವರ್ಟಿಬಲ್ ಸಿಕ್ಕರೆ ಮುಂಜಾನೆ ಮತ್ತು ಇಳಿಸಂಜೆ ಅದರ ಸುಖವೇ ಬೇರೆ. ಆದರೆ ಹತ್ತು ಗಂಟೆಯ ಮೇಲೆ ಛಾವಣಿ ಮುಚ್ಚಿ. ಗಾಳಿಗೆ ಬಿಸಿಲು ತಾಗಿದ್ದೇ ತಿಳಿಯುವುದಿಲ್ಲ, ಸಂಜೆಗೆ ಹಣೆ ಮೂಗು ಸುಲಿದಿರುತ್ತದೆ.

ಬಾಡಿಗೆಯ ಕರಾರಿಗೆ ಸಹಿ ಹಾಕುವ ಮುನ್ನ ಇವಿಷ್ಟನ್ನು ಕೇಳಿ, ಉತ್ತರವನ್ನು ಕರಾರಿನಲ್ಲಿ ಬೆರಳಿಟ್ಟು ತೋರಿಸಲು ಹೇಳಿ.

ವಯಸ್ಸು: ಸಾಮಾನ್ಯ ಕಾರಿಗೆ 21 ವರ್ಷ ಸಾಕಾದರೂ ಸ್ಪೋರ್ಟ್ಸ್ ಕಾರಿಗೆ 25 ಕೇಳುವವರೇ ಹೆಚ್ಚು.

ಠೇವಣಿ: ಇದನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಅಂದರೆ ಹಣ ಕಡಿತವಾಗುವುದಿಲ್ಲ, ಆದರೆ ನೀವು ಬಳಸಲೂ ಆಗುವುದಿಲ್ಲ. ಡೆಬಿಟ್ ಕಾರ್ಡನ್ನು ಬಹಳ ಕಡೆ ಒಪ್ಪುವುದಿಲ್ಲ. ಊರಲ್ಲಿರುವಾಗಲೇ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ತೆರೆದಿಡಿ. ಒಂದು ಒಮಾನಿ ರಿಯಾಲ್ ಎಂದರೆ 2.6 ಡಾಲರ್, ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿಗೂ ಮೇಲೆ. ಚಿಕ್ಕ ಅಂಕಿ ನೋಡಿ ಅಗ್ಗವೆಂದು ಮೋಸ ಹೋಗಬೇಡಿ. ಒಂದು ರಿಯಾಲ್‌ಗೆ 1000 ಬೈಸಾ, ನೂರಲ್ಲ.

ಕಿ.ಮೀ. ಮಿತಿ: ದಿನಕ್ಕೆ 200 ಅಥವಾ 250 ಕಿ.ಮೀ. ಎಂದು ಮಿತಿ ಇರುವುದು ಸಾಮಾನ್ಯ. ಅದಕ್ಕಿಂತ ಹೆಚ್ಚಾದ ಪ್ರತಿ ಕಿ.ಮೀ.ಗೂ ಶುಲ್ಕ. ನಾಲ್ಕು ದಿನಕ್ಕೆ ತೆಗೆದುಕೊಂಡರೆ ಈ ದಾರಿ ಮಿತಿಯೊಳಗೆ ಆರಾಮಾಗಿ ಮುಗಿಯುತ್ತದೆ.

ವಿಮೆ: ಸಿಡಿಡಬ್ಲ್ಯೂ ಎಂಬ ಮೂರಕ್ಷರ ಕಾಣುತ್ತದೆ. ಡಿಕ್ಕಿಯಾಗಿ ಕಾರು ಕೆಟ್ಟರೆ ನೀವು ಕೊಡಬೇಕಾದ ಹಣಕ್ಕೆ ಒಂದು ಮೇಲ್ಮಿತಿ ಹಾಕುವ ಏರ್ಪಾಡು ಅದು. ಆ ಮಿತಿಯವರೆಗಿನ ಹಣ ನಿಮ್ಮದೇ ಹೊಣೆ, ಅದಕ್ಕೆ ಎಕ್ಸೆಸ್ ಅನ್ನುತ್ತಾರೆ. ಟೈರು, ಗಾಜು, ಕಾರಿನ ಅಡಿಭಾಗ ಈ ಮೂರು ಅನೇಕ ವಿಮೆಗಳಲ್ಲಿ ಸೇರಿರುವುದಿಲ್ಲ. ಸ್ಪೋರ್ಟ್ಸ್ ಕಾರಿನಲ್ಲಿ ಮೊದಲು ಪೆಟ್ಟು ತಿನ್ನುವುದು ಈ ಮೂರೇ. ಹೆಚ್ಚುವರಿ ಹಣ ಕೊಟ್ಟಾದರೂ ಟೈರು ಮತ್ತು ಗಾಜನ್ನು ಸೇರಿಸಿಕೊಳ್ಳಿ. ಅಡಿಭಾಗಕ್ಕೆ, ಡಾಂಬರು ಬಿಟ್ಟಾಗ ಆದ ಹಾನಿಗೆ ಯಾವ ವಿಮೆಯೂ ಬರುವುದಿಲ್ಲ ಎಂದೇ ತಿಳಿದು ಓಡಿಸಿ. ಯಾವುದೇ ಪೆಟ್ಟಾದರೂ ಪೊಲೀಸ್ ವರದಿ ಇಲ್ಲದೆ ವಿಮೆಯ ಹಣ ಬಿಡುಗಡೆಯಾಗದು. ತುರ್ತು ಸಂಖ್ಯೆ 9999.

ಹಂತ 4: ಕೀಲಿ ಸಿಕ್ಕ ಮೇಲೆ ಮೊದಲ ಅರ್ಧ ತಾಸು

ಅವಸರ ಬೇಡ. ಕಾರಿನ ಸುತ್ತ ಒಂದು ಪೂರ್ತಿ ವಿಡಿಯೊ ಮಾಡಿ. ಮುಂಬಂಪರಿನ ಕೆಳತುಟಿಯನ್ನು ಬಗ್ಗಿ ಚಿತ್ರೀಕರಿಸಿ. ನೆಲಕ್ಕೆ ಹತ್ತಿರವಿರುವ ಆ ಪ್ಲಾಸ್ಟಿಕ್ ಅಂಚಿಗೆ ಗೀರು ಬೀಳದ ಬಾಡಿಗೆ ಕಾರೇ ಇಲ್ಲ. ಹಳೆಯ ಗೀರಿಗೆ ನೀವು ದುಡ್ಡು ಕೊಡುವಂತಾಗಬಾರದು. ನಾಲ್ಕೂ ಚಕ್ರದ ರಿಮ್ಮು, ಗಾಜು, ಕಿ.ಮೀ. ಅಂಕಿ, ಪೆಟ್ರೋಲ್ ಮುಳ್ಳು, ಎಲ್ಲ ಬರಲಿ.

ಆಮೇಲೆ ಟೈರು. ಇವು ಲೋ ಪ್ರೊಫೈಲ್ ಟೈರುಗಳು, ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ರಬ್ಬರಿನ ಗೋಡೆ ಬಹಳ ಗಿಡ್ಡ. ಗುಂಡಿಗೆ ಬಿದ್ದರೆ ರಿಮ್ಮೇ ಬಾಗುತ್ತದೆ. ಗಾಳಿ ಕಡಿಮೆಯಿದ್ದು ಬಿಸಿ ಡಾಂಬರಿನ ಮೇಲೆ 120ರಲ್ಲಿ ಓಡಿದರೆ ಟೈರಿನ ಗೋಡೆ ಬಾಗಿ ಬಾಗಿ ಕಾದು ಸಿಡಿಯುತ್ತದೆ. ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಗಾಳಿ ಬೇಕೆಂದು ಬರೆದಿರುತ್ತದೆ. ಮುಂಜಾನೆ, ಟೈರು ತಣ್ಣಗಿರುವಾಗ ಅಳೆಯಿರಿ. ಓಡಿಸಿದ ಮೇಲೆ ಅಳೆದರೆ ಅಂಕಿ ಹೆಚ್ಚು ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ.

ಸ್ಟೆಪ್ನಿ ಇದೆಯೇ ಎಂದು ಡಿಕ್ಕಿಯ ನೆಲಹಾಸು ಎತ್ತಿ ನೋಡಿ. ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಅದರ ಬದಲು ಅಂಟು ದ್ರಾವಣದ ಡಬ್ಬಿ ಮತ್ತು ಚಿಕ್ಕ ಗಾಳಿ ಪಂಪು ಇರುತ್ತದೆ. ಮೊಳೆ ಚುಚ್ಚಿದ ತೂತಿಗೆ ಅದು ಸಾಕು, ಟೈರಿನ ಬದಿ ಹರಿದರೆ ಏನೂ ಆಗದು, ಎಳೆದೊಯ್ಯುವ ಗಾಡಿಯೇ ಬರಬೇಕು. ಅದಕ್ಕಾಗಿ ಬಾಡಿಗೆ ಕಂಪನಿಯ ರಸ್ತೆ ಸಹಾಯದ ನಂಬರನ್ನು ಫೋನಿನಲ್ಲೂ ಕಾಗದದಲ್ಲೂ ಬರೆದಿಡಿ. ಯಾವ ಪೆಟ್ರೋಲ್ ಬೇಕೆಂದು ಟ್ಯಾಂಕ್ ಮುಚ್ಚಳದ ಒಳಬದಿ ನೋಡಿ. ಒಮಾನಿನ ಬಂಕುಗಳಲ್ಲಿ 91 ಮತ್ತು 95 ಆಕ್ಟೇನ್ ಸಾಮಾನ್ಯವಾಗಿ ಸಿಗುತ್ತವೆ, ಈ ಬಗೆಯ ಎಂಜಿನ್‌ಗೆ 95 ಹಾಕಿಸುವುದು ಸರಿ. ಆಕ್ಟೇನ್ ಎಂದರೆ ಎಂಜಿನ್ನಿನೊಳಗೆ ಒತ್ತಡಕ್ಕೆ ಇಂಧನ ಹೊತ್ತಿಗೆ ಮುಂಚೆಯೇ ಉರಿದುಬಿಡದಂತೆ ತಾಳುವ ಶಕ್ತಿಯ ಅಳತೆ. ಲೀಟರಿಗೆ ಕಾಲು ರಿಯಾಲ್ ಆಸುಪಾಸು.

ಹಂತ 5: ಬಲಬದಿಯ ಅಭ್ಯಾಸ

ಒಮಾನಿನಲ್ಲಿ ರಸ್ತೆಯ ಬಲಬದಿಗೆ ಓಡಿಸಬೇಕು, ಸ್ಟೀರಿಂಗ್ ಎಡಕ್ಕೆ. ನೇರ ರಸ್ತೆಯಲ್ಲಿ ಹತ್ತು ನಿಮಿಷಕ್ಕೆ ಒಗ್ಗಿಹೋಗುತ್ತದೆ, ಅಪಾಯ ಇರುವುದು ತಿರುವಿನಲ್ಲಿ. ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಖಾಲಿ ರಸ್ತೆಗೆ ಎಡಕ್ಕೆ ತಿರುಗುವಾಗ ಕೈ ತಾನಾಗಿಯೇ ಹಳೆಯ ರೂಢಿಗೆ ಎಳೆಯುತ್ತದೆ. ಒಂದು ಸೂತ್ರ ಹಿಡಿಯಿರಿ: ಚಾಲಕ ಯಾವಾಗಲೂ ರಸ್ತೆಯ ನಡುಗೆರೆಯ ಪಕ್ಕದಲ್ಲಿರಬೇಕು. ಪಕ್ಕದಲ್ಲಿ ಕೂತವರಿಗೆ ಪ್ರತಿ ತಿರುವಿನಲ್ಲೂ "ಬಲಕ್ಕೆ" ಎಂದು ಬಾಯಿಬಿಟ್ಟು ಹೇಳುವ ಕೆಲಸ ಒಪ್ಪಿಸಿ. ಸಣ್ಣ ವಿಷಯ ಅನಿಸಬಹುದು, ಇದರಿಂದ ಜೀವ ಉಳಿದಿದೆ.

ವೃತ್ತದಲ್ಲಿ ವಾಹನಗಳು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತವೆ, ಒಳಗಿರುವವರಿಗೆ ಮೊದಲ ಹಕ್ಕು. ಎಡದಿಂದ ಬರುವವರನ್ನು ನೋಡಿ, ನಿಂತು, ಆಮೇಲೆ ನುಗ್ಗಿ. ನಮ್ಮ ಕಡೆ ಜಗತ್ ವೃತ್ತದಲ್ಲಿ ಮೂತಿ ತೂರಿಸಿದವರಿಗೇ ದಾರಿ, ಅಲ್ಲಿ ಹಾಗೆ ಮಾಡಿದರೆ ಡಿಕ್ಕಿಯ ಹೊಣೆ ನಿಮ್ಮ ಮೇಲೆಯೇ ಬರುತ್ತದೆ. ಹಾರ್ನ್ ಅನ್ನು ಅಪಾಯಕ್ಕೆ ಮಾತ್ರ ಬಳಸಿ.

ಮೊದಲ ದಿನ ಊರು ಬಿಡಬೇಡಿ. ಬೆಳಿಗ್ಗೆ ಏಳಕ್ಕೆ ಮತ್ರಾ ಕಡಲದಂಡೆಯಿಂದ ಹೊರಟು ಹಳೆ ಮಸ್ಕತ್, ಅಲ್ ಬುಸ್ತಾನ್ ದಾಟಿ ಕಂತಬ್ ಕಡೆಗೆ ಹೋಗಿ ಬನ್ನಿ. ಬಂಡೆ ಸೀಳಿ ಮಾಡಿದ ಏರಿಳಿತದ, ತಿರುವುಗಳ ರಸ್ತೆ. ಕಾರಿನ ಅಗಲ, ಬ್ರೇಕಿನ ಹಿಡಿತ, ಉಬ್ಬಿನ ಮೇಲೆ ಅದರ ಹೊಟ್ಟೆ ಎಲ್ಲಿ ತಾಗುತ್ತದೆ, ಎಲ್ಲ ಇಲ್ಲೇ ತಿಳಿಯುತ್ತದೆ. ಸ್ಪೀಡ್ ಬ್ರೇಕರ್‌ಗಳನ್ನು ಅಕ್ಕಪಕ್ಕ ಯಾರೂ ಇಲ್ಲದಿದ್ದರೆ ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟಿ. ಅಲ್ ಬುಸ್ತಾನ್ ಬಳಿ ವೃತ್ತದಲ್ಲಿ ನಿಂತಿರುವ ಮರದ ಹಡಗನ್ನು ನೋಡದೆ ಹೋಗಬೇಡಿ. ಸೊಹಾರ್ ಎಂಬ ಆ ಹಡಗನ್ನು ಹಳೆಯ ಕ್ರಮದಲ್ಲಿ ಹಗ್ಗದಿಂದ ಹೊಲಿದು ಸೂರ್‌ನಲ್ಲಿ ಕಟ್ಟಿದರು. 1980ರಲ್ಲಿ ಒಮಾನಿನಿಂದ ಹೊರಟ ಅದು 1981ರಲ್ಲಿ ಚೀನಾ ತಲುಪಿತು. ನೀವು ನಾಳೆ ಹೋಗುವುದು ಅದು ಹುಟ್ಟಿದ ಊರಿಗೆ.

ಹಂತ 6: ಮಸ್ಕತ್‌ನಿಂದ ಸೂರ್, ಸುಮಾರು 200 ಕಿ.ಮೀ.

ಬೆಳಿಗ್ಗೆ ಬೇಗ ಹೊರಡಿ. ಎರಡೂವರೆ ತಾಸಿನ ದಾರಿ, ಆದರೆ ಇಡೀ ದಿನ ಕೊಡಬೇಕು.

ಕುರಿಯಾತ್‌ನಲ್ಲಿ ಟ್ಯಾಂಕ್ ತುಂಬಿಸಿ. ಅಲ್ಲಿಂದ ಮುಂದೆ ಕರಾವಳಿ ಹೆದ್ದಾರಿ ಬೆಟ್ಟಕ್ಕೂ ಕಡಲಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಸಾಗುತ್ತದೆ. ಹೋಗುವಾಗ ಸಮುದ್ರ ನಿಮ್ಮ ಎಡಕ್ಕೆ, ಸ್ಟೀರಿಂಗೂ ಎಡಕ್ಕೆ, ಅಂದರೆ ಚಾಲಕನ ಕಣ್ಣಿಗೇ ಮೊದಲು ಕಡಲು. ಅದೇ ಅಪಾಯವೂ ಹೌದು. ನೋಡಬೇಕೆನಿಸಿದರೆ ಹೊರದಾರಿಯಲ್ಲಿ ಇಳಿದು ನಿಲ್ಲಿಸಿ ನೋಡಿ.

ವೇಗದ ಮಿತಿ ಹೆದ್ದಾರಿಯಲ್ಲಿ ಸಾಮಾನ್ಯವಾಗಿ 120. ಊರು ಬಂದಂತೆ ಫಲಕದಲ್ಲಿ ಇಳಿಯುತ್ತ ಹೋಗುತ್ತದೆ, ಕ್ಯಾಮೆರಾಗಳು ಆ ಇಳಿಕೆಯ ಜಾಗಗಳಲ್ಲೂ ಇರುತ್ತವೆ. ಇಂಥ ಕಾರಿನಲ್ಲಿ 120 ಎಂದರೆ 80ರಂತೆ ಅನಿಸುತ್ತದೆ, ಆದ್ದರಿಂದ ಕ್ರೂಸ್ ಕಂಟ್ರೋಲ್ ಹಾಕಿಬಿಡಿ. ಅದು ವೇಗವನ್ನು ಒಂದೇ ಅಂಕಿಯಲ್ಲಿ ಹಿಡಿದಿಡುವ ಗುಂಡಿ. ದಂಡ ಬಿದ್ದರೆ ಅದು ಬಾಡಿಗೆ ಕಂಪನಿಗೆ ಹೋಗಿ, ಅಲ್ಲಿಂದ ನಿಮ್ಮ ಠೇವಣಿಗೆ ಬರುತ್ತದೆ. ಎಡ ಸಾಲು ಹಿಂದಿಕ್ಕಲು ಮಾತ್ರ, ಮುಗಿದ ಕೂಡಲೇ ಬಲಕ್ಕೆ ಬನ್ನಿ. ಮದ್ಯ ಕುಡಿದು ಸ್ಟೀರಿಂಗ್ ಹಿಡಿಯುವುದು, ಫೋನ್ ಕೈಯಲ್ಲಿ ಹಿಡಿಯುವುದು ಎರಡಕ್ಕೂ ಅಲ್ಲಿ ಮಾಫಿ ಇಲ್ಲ.

ನಿಲ್ಲಲೇಬೇಕಾದ ಜಾಗಗಳು ಮೂರು.

ಬಿಮ್ಮಾ ಕುಳಿ: ಸುಣ್ಣಕಲ್ಲಿನ ನೆಲ ಒಳಗೊಳಗೇ ಕರಗಿ ಕುಸಿದು ಆದ ಹೊಂಡ. ತಳದಲ್ಲಿ ನೀಲಿ ಹಸಿರು ನೀರು, ಸಿಹಿನೀರೂ ಕಡಲ ಉಪ್ಪುನೀರೂ ಬೆರೆತದ್ದು. ಸುತ್ತ ಉದ್ಯಾನ ಮಾಡಿ ಮೆಟ್ಟಿಲು ಕಟ್ಟಿದ್ದಾರೆ. ಕಾರು ನಿಲ್ಲಿಸುವ ಜಾಗದವರೆಗೂ ಡಾಂಬರು.

ವಾದಿ ಶಾಬ್: ವಾದಿ ಎಂದರೆ ನಮ್ಮ ಕಡೆಯ ಹಳ್ಳದ ಹಾಗೆ, ವರ್ಷದ ಬಹುಕಾಲ ಒಣಗಿ ಮಳೆ ಬಂದಾಗ ಮಾತ್ರ ಉಕ್ಕುವ ಕಣಿವೆ. ಶಾಬ್‌ನಲ್ಲಿ ಮಾತ್ರ ವರ್ಷವಿಡೀ ನೀರಿದೆ. ತೀವಿ ಊರಿನ ಹತ್ತಿರ ಹೆದ್ದಾರಿ ಸೇತುವೆಯ ಕೆಳಗೆ ಕಾರು ಬಿಟ್ಟು, ಚಿಕ್ಕ ದೋಣಿಯಲ್ಲಿ ನೀರು ದಾಟಿ, ಮುಕ್ಕಾಲು ತಾಸು ಬಂಡೆಗಳ ನಡುವೆ ನಡೆಯಬೇಕು. ಆಮೇಲೆ ಈಜು. ಈಜು ಬಾರದವರು ಮೊದಲ ಕೊಳದಲ್ಲೇ ಕೂತು ಸುಖಪಡಿ, ಒಳಗಿನ ಕೊಳಗಳು ಆಳ. ಬಟ್ಟೆ ಮೈಮುಚ್ಚುವಂತಿರಲಿ, ಅದು ಹಳ್ಳಿಯವರ ತೋಟಗಳ ನಡುವಿನ ದಾರಿ. ಬೆಟ್ಟದ ಮೇಲೆ ಮೋಡ ಕಟ್ಟಿದ್ದು ಕಂಡರೆ ಒಳಗೆ ಹೋಗಬೇಡಿ. ನೀವಿರುವಲ್ಲಿ ಹನಿ ಬೀಳದಿದ್ದರೂ ಮೇಲೆ ಸುರಿದ ಮಳೆ ನಿಮಿಷಗಳಲ್ಲಿ ನೀರಿನ ಗೋಡೆಯಾಗಿ ಬರುತ್ತದೆ. ರಸ್ತೆಗೂ ಇದೇ ಮಾತು. ಹರಿಯುವ ವಾದಿಗೆ ಕಾರು ಇಳಿಸುವುದು ಒಮಾನಿನಲ್ಲಿ ಶಿಕ್ಷಾರ್ಹ ಅಪರಾಧ. ಇಷ್ಟು ತಗ್ಗಿನ ಕಾರು ಮೊಣಕಾಲು ನೀರಿಗೇ ತೇಲುತ್ತದೆ. ಎಷ್ಟೋ ದಿನಗಳ ಮೇಲೆ ಬಿದ್ದ ಮೊದಲ ಮಳೆಯಲ್ಲಿ ಡಾಂಬರಿನ ಮೇಲಿನ ಎಣ್ಣೆ, ಧೂಳು ಸೇರಿ ರಸ್ತೆ ಜಾರುತ್ತದೆ. ಹಿಂಚಕ್ರಕ್ಕೆ ಬಲ ಹೋಗುವ ಈ ಕಾರುಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಅನ್ನು, ಅಂದರೆ ಚಕ್ರ ಜಾರದಂತೆ ಎಂಜಿನ್ನಿನ ಬಲ ತಗ್ಗಿಸುವ ಏರ್ಪಾಡನ್ನು, ಯಾವ ಕಾರಣಕ್ಕೂ ಆಫ್ ಮಾಡಬೇಡಿ.

ಕಲ್ಹಾತ್: ನಮ್ಮ ಕಡೆಯವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಎಂಬುದು ನನ್ನ ಆಸೆ. ಈಗ ಕಲ್ಲುಗುಡ್ಡೆಗಳು ಮತ್ತು ಬೀಬಿ ಮರಿಯಂ ಸಮಾಧಿ ಮಾತ್ರ ಉಳಿದಿವೆ. ಹಿಂದೆ ಇದು ಪರ್ಷಿಯಾ ಕೊಲ್ಲಿಯ ಬಾಯಲ್ಲಿದ್ದ ಹೊರ್ಮುಜ್ ರಾಜ್ಯದ ದೊಡ್ಡ ಬಂದರು. ಇಲ್ಲಿಂದ ಹಿಂದೂಸ್ತಾನಕ್ಕೆ ಹಡಗಿನಲ್ಲಿ ಹೋಗುತ್ತಿದ್ದ ಮುಖ್ಯ ಸರಕು ಕುದುರೆ. ಕಲಬುರಗಿಯಲ್ಲಿ 1347ರಲ್ಲಿ ಶುರುವಾದ ಬಹಮನಿ ರಾಜ್ಯದ ಬಲ ನಿಂತದ್ದು ಕುದುರೆ ದಳದ ಮೇಲೆ, ಒಳ್ಳೆಯ ಕುದುರೆಗಳು ಬರುತ್ತಿದ್ದದ್ದು ಈ ಕಡಲ ದಾರಿಯಲ್ಲಿ. 15ನೇ ಶತಮಾನದಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಒಂದು ಕುದುರೆಯೊಂದಿಗೆ ಹಡಗು ಹತ್ತಿ, ಮಸ್ಕತ್ ಮುಟ್ಟಿ, ಕೊಂಕಣ ಕರಾವಳಿಯ ಚೌಲ್‌ನಲ್ಲಿ ಇಳಿದು, ಕೊನೆಗೆ ಆ ಕುದುರೆಯನ್ನು ಮಾರಿದ್ದು ನಮ್ಮ ಬೀದರ್‌ನಲ್ಲಿ. ಕಲ್ಹಾತ್ ನಗರವನ್ನು 1508ರಲ್ಲಿ ಪೋರ್ಚುಗೀಸರು ಸುಟ್ಟರು. 2018ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಡಾಂಬರು ಮುಗಿಯುವಲ್ಲಿ ಕಾರು ನಿಲ್ಲಿಸಿ, ಬೇಲಿ ಇರುವಲ್ಲಿ ದಾಟಬೇಡಿ. ಸಮಾಧಿ ದೂರದಿಂದಲೂ ಚೆನ್ನಾಗಿ ಕಾಣುತ್ತದೆ.

ಸೂರ್‌ನಲ್ಲಿ ಆ ರಾತ್ರಿ ತಂಗಿ. ಸಂಜೆ ಅಲ್ ಐಜಾ ದೀಪಸ್ತಂಭದ ಕಡೆಗೆ ಹೋಗಿ ಕೊಲ್ಲಿಯಲ್ಲಿ ನಿಂತ ದೋಣಿಗಳನ್ನು ನೋಡಿ. ಇಲ್ಲಿನ ಧೌ ಎಂಬ ಮರದ ಹಾಯಿ ಹಡಗುಗಳಿಗೆ ತೇಗ ಮಲಬಾರಿನಿಂದ ಬರುತ್ತಿತ್ತು. ದಡದಲ್ಲಿ ನಿಲ್ಲಿಸಿರುವ ಫತೇ ಅಲ್ ಖೈರ್ ಎಂಬ ದೊಡ್ಡ ಹಡಗನ್ನೂ ನೋಡಿ. ಊಟಕ್ಕೆ ಮಲಯಾಳಿಗಳ ಹೋಟೆಲು ಸಿಗುತ್ತದೆ, ಸಸ್ಯಾಹಾರಿಗಳೂ ಉಪವಾಸ ಬೀಳುವುದಿಲ್ಲ.

ಹಂತ 7: ಸೂರ್‌ನಿಂದ ಪೂರ್ವದ ತುದಿಗೆ, ಅಲ್ಲಿಂದ ಅಲ್ ಅಶ್ಖರಾ

ಇಲ್ಲಿಂದ ಹೆದ್ದಾರಿಯ ಅಗಲ ಇಲ್ಲ, ಎದುರುಬದುರು ವಾಹನ ಬರುವ ರಸ್ತೆ. ರಾಸ್ ಅಲ್ ಹದ್ ಅರೇಬಿಯಾ ಪರ್ಯಾಯ ದ್ವೀಪದ ಪೂರ್ವದ ತುದಿ. ಪಕ್ಕದ ರಾಸ್ ಅಲ್ ಜಿಂಝ್‌ನಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುವ ಕಾಯ್ದಿಟ್ಟ ದಂಡೆ ಇದೆ. ರಾತ್ರಿ ಮತ್ತು ನಸುಕಿನಲ್ಲಿ ಮಾರ್ಗದರ್ಶಕರ ಜೊತೆ ಮಾತ್ರ ಬಿಡುತ್ತಾರೆ, ಮೊದಲೇ ಕಾದಿರಿಸಬೇಕು. ಆಮೆಗಳು ಹೆಚ್ಚು ಬರುವುದು ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಕಡಿಮೆ ಆದರೂ ಬರುತ್ತವೆ. ಫೋನಿನ ಬೆಳಕು, ಫ್ಲ್ಯಾಶ್ ಬೇಡವೇ ಬೇಡ. ಬೆಳಕು ಕಂಡ ತಾಯಾಮೆ ಮೊಟ್ಟೆಯಿಡದೆ ಕಡಲಿಗೆ ತಿರುಗುತ್ತದೆ. ಆಮೆ ನೋಡಬೇಕೆಂದರೆ ಅಲ್ಲೇ ತಂಗಿ, ಸೂರ್‌ನಿಂದ ರಾತ್ರಿ ಕಾರಿನಲ್ಲಿ ಹೋಗಿ ಬರುವ ಯೋಚನೆ ಬಿಡಿ.

ಯಾಕೆಂದರೆ ಒಂಟೆ. ಈ ಪ್ರದೇಶದಲ್ಲಿ ಒಂಟೆಗಳು ಬಿಡಾಡಿಯಾಗಿ ರಸ್ತೆ ದಾಟುತ್ತವೆ, ರಾತ್ರಿ ಅವುಗಳ ಬಣ್ಣ ಮಣ್ಣಿನ ಬಣ್ಣದಲ್ಲಿ ಕರಗಿಹೋಗುತ್ತದೆ. ನಮ್ಮ ಎಮ್ಮೆ ಅಡ್ಡ ಬಂದರೆ ಪೆಟ್ಟು ಬಾನೆಟ್ಟಿಗೆ. ಒಂಟೆಯ ಕಾಲು ಉದ್ದ, ಸ್ಪೋರ್ಟ್ಸ್ ಕಾರಿನ ಮೂತಿ ತಗ್ಗು. ಮೂತಿ ಕಾಲಿಗೆ ಹೊಡೆಯುತ್ತದೆ, ನಾನೂರು ಐನೂರು ಕಿಲೊ ತೂಕದ ದೇಹ ನೇರ ಮುಂಗಾಜಿನ ಮೇಲೆ ಬೀಳುತ್ತದೆ. ಈ ದಾರಿಯಲ್ಲಿ ನನಗೆ ನಿಜವಾಗಿ ಭಯವಿರುವುದು ಇದೊಂದಕ್ಕೆ. ಚಳಿಗಾಲದಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಅದರೊಳಗೆ ತಂಗುವ ಜಾಗ ಮುಟ್ಟಿರಬೇಕು. ಹಗಲಲ್ಲೂ ಒಂದು ಒಂಟೆ ದಾಟಿದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿದು ನಿಧಾನಿಸಿ.

ಅಲ್ ಅಶ್ಖರಾ ಮೀನುಗಾರರ ಊರು, ಉದ್ದನೆಯ ತೆರೆದ ಕಡಲು. ಅದರ ದಕ್ಷಿಣಕ್ಕೆ ಶರ್ಕಿಯಾ ಮರಳುಗಾಡು ನೇರ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಮರಳು ಅಲೆ ಒಂದು ಕಡೆ, ನೀರಿನ ಅಲೆ ಇನ್ನೊಂದು ಕಡೆ. ನೋಡಿ, ಅಲ್ಲೇ ಹಿಂದಿರುಗಿ. ಅಲ್ಲಿಂದ ಮುಂದೆ ಡಾಂಬರಿದ್ದರೂ ಗಾಳಿಗೆ ಮರಳು ನಾಲಿಗೆ ಚಾಚಿದಂತೆ ರಸ್ತೆಗೆ ಅಡ್ಡ ಬಂದು ಕೂತಿರುತ್ತದೆ. ಎತ್ತರದ ಗಾಡಿಗಳು ಅದನ್ನು ಹಾರಿಸಿಕೊಂಡು ಹೋಗುತ್ತವೆ, ನಿಮ್ಮ ಕಾರು ಹೊಟ್ಟೆಯ ಮೇಲೆ ಕೂತುಬಿಡುತ್ತದೆ. ಪೆಟ್ರೋಲ್ ಬಂಕುಗಳೂ ವಿರಳ. ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇರುವ ಕಾರಿಗೆ ಪೂರ್ತಿ ಟ್ಯಾಂಕಿಗೆ 400 ಕಿ.ಮೀ. ಎಂದೇ ಲೆಕ್ಕ ಹಿಡಿದು, ಅರ್ಧ ಖಾಲಿಯಾದ ಕೂಡಲೇ ತುಂಬಿಸಿ.

ರಸ್ತೆ ಬದಿಯ ಮರಳಿಗೆ ಆಕಸ್ಮಾತ್ ಚಕ್ರ ಇಳಿದು ಸಿಕ್ಕಿಕೊಂಡರೆ ಆಕ್ಸಿಲರೇಟರ್ ತುಳಿಯಬೇಡಿ, ಚಕ್ರ ಗುಂಡಿ ತೋಡಿಕೊಂಡು ಇಳಿಯುತ್ತದೆ. ಇಳಿದು ಚಕ್ರದ ಮುಂದಿನ, ಹಿಂದಿನ ಮರಳು ತೆಗೆದು, ಕಾರಿನ ನೆಲಹಾಸನ್ನು ಹಿಂಚಕ್ರದ ಕೆಳಗೆ ಸಿಗಿಸಿ, ಬಂದ ದಾರಿಯಲ್ಲೇ ನಿಧಾನ ಹಿಂದಕ್ಕೆ ತೆಗೆಯಿರಿ. ಆಗದಿದ್ದರೆ ಕೈ ಬೀಸಿ. ಒಮಾನಿನವರು ನಿಂತು ಸಹಾಯ ಮಾಡದೆ ಹೋಗುವುದು ಬಹಳ ಅಪರೂಪ. ಮರಳು ಬಿರುಗಾಳಿ ಎದ್ದರೆ ರಸ್ತೆಯಿಂದ ದೂರ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಗಾಜು ಏರಿಸಿಕೊಂಡು ಕೂರಿ. ಓಡಿಸಿದರೆ ಮುಂಗಾಜು, ಬಣ್ಣ ಎರಡೂ ಮಸುಕಾಗುತ್ತವೆ.

ಹಂತ 8: ವಾಪಸು ದಾರಿ

ಜಾಲಾನ್ ಬನಿ ಬು ಅಲಿಯಲ್ಲಿ ಅಲ್ ಹಮೂದಾ ಮಸೀದಿ ಇದೆ, ಮೇಲೆ 52 ಗುಮ್ಮಟಗಳ ಸಾಲು. 1367ರ ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿಯನ್ನು ನೋಡಿದವರಿಗೆ ಆ ಗುಮ್ಮಟಗಳ ಸಾಲು ಪರಿಚಿತ ಅನಿಸುತ್ತದೆ. ಹೊರಗಿನಿಂದ ನೋಡಿ, ಒಳಗೆ ಹೋಗಬೇಕಾದರೆ ಅಲ್ಲಿದ್ದವರನ್ನು ಕೇಳಿ.

ಮರಳ ದಿಬ್ಬದ ಮೇಲೆ ಒಂದು ರಾತ್ರಿ ಕಳೆಯುವ ಆಸೆಯಿದ್ದರೆ ಬಿದಿಯಾದಲ್ಲಿ ನಿಲ್ಲಿ. ಮರಳುಗಾಡಿನ ಶಿಬಿರಗಳವರು ತಮ್ಮ ಗಾಡಿಯನ್ನು ಡಾಂಬರಿನ ಅಂಚಿಗೇ ಕಳಿಸುತ್ತಾರೆ. ನಿಮ್ಮ ಕಾರನ್ನು ಊರೊಳಗೆ ಅವರು ತೋರಿಸಿದ ಜಾಗದಲ್ಲಿ ಬಿಟ್ಟು ಹೋಗಿ. ಕಾದಿರಿಸುವಾಗಲೇ "ನಮ್ಮದು ತಗ್ಗಿನ ಕಾರು, ಕರೆದೊಯ್ಯಲು ಗಾಡಿ ಬೇಕು" ಎಂದು ಹೇಳಿ, ಅದಕ್ಕೆಷ್ಟು ಹಣವೆಂದು ಕೇಳಿಕೊಳ್ಳಿ.

ಬಿದಿಯಾದಿಂದ ಮಸ್ಕತ್‌ಗೆ ವಾಯವ್ಯಕ್ಕೆ ಹೋಗಬೇಕು. ಬೆಳಿಗ್ಗೆ ಹೊರಟರೆ ಸೂರ್ಯ ಬೆನ್ನಿಗಿರುತ್ತಾನೆ. ಮಧ್ಯಾಹ್ನದ ಮೇಲೆ ಹೊರಟವರಿಗೆ ದಾರಿಯುದ್ದ ಕಣ್ಣಿಗೆ ಬಿಸಿಲು ಚುಚ್ಚುತ್ತದೆ.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯುವ ನೀರು, ಟೈರಿನ ಗಾಳಿ ಅಳೆಯುವ ಸಾಧನ, ಟಾರ್ಚು, ತಂಪು ಕನ್ನಡಕ, ಮೊದಲೇ ಫೋನಿಗೆ ಇಳಿಸಿಕೊಂಡ ನಕ್ಷೆ. ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಈ ದಾರಿಗೆ ಹೇಳಿ ಮಾಡಿಸಿದ ಬುತ್ತಿ: ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ.

ಗಸಗಸೆ ಬೇಡ. ಯುಎಇ, ಸೌದಿಯಂಥ ಗಲ್ಫ್ ದೇಶಗಳಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತಾರೆ. ಅವ್ವ ಕಟ್ಟಿಕೊಟ್ಟ ಉಂಡಿಗೆ ಗಸಗಸೆ ಬಿದ್ದಿದೆಯೇ ಎಂದು ಕೇಳಿ ತಿಳಿದುಕೊಂಡೇ ಪೆಟ್ಟಿಗೆಗೆ ಹಾಕಿ. ನೋವು ನಿವಾರಕ, ನಿದ್ರೆ ಮಾತ್ರೆಗಳಿದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಡ್ರೋನ್ ಹಾರಿಸಲು ಅನುಮತಿ ಬೇಕು, ಮನೆಯಲ್ಲೇ ಬಿಡಿ. ಹೆಣ್ಣುಮಕ್ಕಳ, ಸೈನ್ಯದ ಜಾಗಗಳ ಫೋಟೊ ತೆಗೆಯಬೇಡಿ.

ಹಂತ 9: ಕಾರು ಒಪ್ಪಿಸುವಾಗ

ಹಿಂದಿನ ಸಂಜೆಯೇ ತೊಳೆಸಿ. ಮಸ್ಕತ್‌ನಲ್ಲಿ ಕೊಳಕು ಕಾರು ಓಡಿಸಿದರೆ ದಂಡ ಬೀಳಬಹುದು. ಧೂಳಿನಡಿ ಗೀರು ಅಡಗಿದ್ದರೆ ಒಪ್ಪಿಸುವ ಜಾಗದಲ್ಲಿ ಜಗಳವೂ ಆಗುತ್ತದೆ. ಟ್ಯಾಂಕನ್ನು ಕರಾರಿನಲ್ಲಿದ್ದಷ್ಟೇ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಹಗಲು ಹೊತ್ತಿನಲ್ಲಿ, ಅವರ ಆಳು ಎದುರಿಗಿರುವಾಗ, ಮೊದಲ ದಿನದ ಹಾಗೆಯೇ ಸುತ್ತ ವಿಡಿಯೊ ಮಾಡಿ, "ಹಾನಿಯಿಲ್ಲ" ಎಂದು ಬರೆದ ಚೀಟಿಗೆ ಸಹಿ ಪಡೆಯಿರಿ. ವಿಮಾನಕ್ಕೆ ಐದು ತಾಸಾದರೂ ಮುಂಚೆ ಈ ಕೆಲಸ ಮುಗಿಸಿ.

ಠೇವಣಿ ಅಂದೇ ಬಿಡುಗಡೆಯಾಗುವುದಿಲ್ಲ. ಕ್ಯಾಮೆರಾ ದಂಡಗಳು ಬಂದು ಸೇರಲೆಂದು ಕೆಲವು ವಾರ ತಡೆದಿಡುವುದು ಅಲ್ಲಿನ ರೂಢಿ. ಎಷ್ಟು ದಿನವೆಂದು ಬರಹದಲ್ಲಿ ಕೇಳಿ ಪಡೆದು, ಆ ಅವಧಿ ಮುಗಿಯುವವರೆಗೆ ಕರಾರು, ಎರಡೂ ವಿಡಿಯೊ, ಪೆಟ್ರೋಲ್ ರಸೀದಿಗಳನ್ನು ಅಳಿಸದೆ ಇಟ್ಟುಕೊಳ್ಳಿ. ದಂಡ ಕಡಿತವಾದರೆ ಅದರ ದಿನಾಂಕ, ಸಮಯ, ಜಾಗ ತೋರಿಸುವ ವಿವರ ಕೇಳಿ, ಆ ಹೊತ್ತಿಗೆ ಕಾರು ನಿಮ್ಮ ಕೈಯಲ್ಲೇ ಇತ್ತೇ ಎಂದು ಕರಾರಿನೊಂದಿಗೆ ತಾಳೆ ನೋಡಿ.